ಟೈಮ್ ಮುಗಿದು ಸೋತವನ ಸಿಟ್ಟು ಯಾರ ಮ್ಯಾಲ?

ಕರೆಸ್ಪಾಂಡೆನ್ಸ್ ಚೆಸ್, ಅಂದ್ರ ಪತ್ರದಾಗ ಇಲ್ಲಾ ನೆಟ್‌ನಾಗ ಒಂದೊಂದ ನಡೆ ಕಳಿಸಿ ದಿನಗಟ್ಟಲೆ ಆಡೋ ಚೆಸ್ ಆಡೋರ ನಡುವ ಒಂದು ಜಗಳ ಯಾವತ್ತೂ ಮುಗಿಯಂಗಿಲ್ಲ. ಬೋರ್ಡ್ ಮ್ಯಾಲ ನಾ ಗೆಲ್ತಿದ್ದೆ, ಟೈಮ್ ಮುಗೀತಂತ ಅಂವಾ ಪಾಯಿಂಟ್ ತೊಗೊಂಡು ಹೋದ, ಇದು ಯಾವ ಆಟ ರೀ ಅಂತ ಒಬ್ಬಾಂವ, ಗಡುವು ಇಬ್ಬರಿಗೂ ಒಂದ ಇತ್ತಲ್ಲ, ನಾ ಏನ್ ಕದ್ದೆನೇನು ಅಂತ ಇನ್ನೊಬ್ಬಾಂವ. ಬೆಳಗಾವಿ, ಚಿಕ್ಕೋಡಿ, ಮುಧೋಳ ಕಡೆ ಮೊಬೈಲ್‌ದಾಗ ದಿನಕ್ಕೊಂದು ನಡೆ ಹಾಕ್ಕೋತ ಆಡೋ ಹುಡುಗರು, ಮಾಸ್ತರು, ಬ್ಯಾಂಕಿನವರು ಬೇಕಾದಷ್ಟ ಮಂದಿ ಅದಾರ, ಅವರ ಗ್ರೂಪಿನಾಗ ಇದ ಮಾತು ಮತ್ತ ಮತ್ತ ಬರತೈತಿ. ನನ್ನ ಕೇಳಿದ್ರ ಟೈಮ್ ಮ್ಯಾಲ ಗೆದ್ದದ್ದು ಪೂರಾ ನ್ಯಾಯದ ಗೆಲುವ, ಅದರಾಗ ನಾಚಿಕಿ ಪಡೋದು ಏನೂ ಇಲ್ಲ. ಆದ್ರ ಸೋತವನ ಸಿಟ್ಟೂ ಸುಳ್ಳಲ್ಲ, ಅದಕ್ಕೊಂದು ಹಳೇ ಕಾರಣ ಐತಿ.

ಟಪಾಲ್ ಚೆಸ್ ಭಾಳ ಹಳೇದು. ಲಂಡನ್ ಮತ್ತ ಎಡಿನ್‌ಬರೋ ಕ್ಲಬ್‌ಗಳು 1824ರಿಂದ 1828ರ ತನಕ ಪತ್ರದಾಗ ಆಡಿದ ಮ್ಯಾಚ್ ಎಲ್ಲಾರಿಗೂ ಗೊತ್ತಿರೋದು, ಎಡಿನ್‌ಬರೋ ಗೆದ್ದಿತ್ತು. ಎದುರಾಬದುರಾ ಕೂತು ಆಡೋ ಟೂರ್ನಮೆಂಟಿಗೆ ಎರಡು ಮುಖದ ಚೆಸ್ ಗಡಿಯಾರ ಬಂದದ್ದ 1883ರಾಗ, ಲಂಡನ್ನಿನಾಗ. ಟಪಾಲಿನ ಆಟಕ್ಕ ಆ ಗಡಿಯಾರ ಏನ್ ಉಪಯೋಗ? ಇಲ್ಲೆ ಅಳಿಯೋದು ತಾಸಲ್ಲ, ದಿನ. 1951ರಾಗ ಐಸಿಸಿಎಫ್ ಅನ್ನೋ ಅಂತಾರಾಷ್ಟ್ರೀಯ ಒಕ್ಕೂಟ ಶುರು ಆತು, ಅವರ ಟಪಾಲ್ ಆಟದ ಲೆಕ್ಕ 10 ನಡೆಗೆ 30 ದಿನ. ಆ 30 ದಿನದಾಗ ಕಾರ್ಡು ದಾರಿಯೊಳಗ ಕಳೆದ ದಿನ ಸೇರಂಗಿಲ್ಲ, ಇದು ಮುಖ್ಯ. ಕಾರ್ಡು ನಿಮ್ಮ ಮನಿ ಮುಟ್ಟಿದ ತಾರೀಖಿನಿಂದ ನೀವು ಉತ್ತರ ಡಬ್ಬಿಗೆ ಹಾಕಿದ ತಾರೀಖಿನ ತನಕ ಅಷ್ಟ ಎಣಿಕಿ.

ಆ ಕಾರ್ಡು ಒಂದ ನೋಡಿದ್ರ ಸಾಕು, ಎಲ್ಲಾ ತಿಳಿತೈತಿ. ಅವನ ಹಿಂದಿನ ನಡೆ ಮೊದಲು ಹೊಳ್ಳಿ ಬರೀಬೇಕು, ಆಮ್ಯಾಲ ನಮ್ಮ ನಡೆ, ಅದೂ ಭಾಷಾ ಬರದವರಿಗೂ ತಿಳಿಯೋ ಹಂಗ ಅಂಕಿಯೊಳಗ, ರಾಜನ ಮುಂದಿನ ಕಾಲಾಳು ಎರಡು ಮನಿ ಸರದ್ರ 5254, ಅಂದ್ರ 5ನೇ ಕಂಬದ 2ನೇ ಮನಿಯಿಂದ ಅದ ಕಂಬದ 4ನೇ ಮನಿಗೆ. ಅದರ ಕೆಳಗ ನಿಮ್ಮ ಕಾರ್ಡು ಮುಟ್ಟಿದ್ದು 4ನೇ ತಾರೀಖು, ನಾ ಹಾಕಿದ್ದು 7, ಈ ನಡೆಗೆ 3 ದಿನ, ಇಲ್ಲೀತನಕ ಒಟ್ಟು ಇಷ್ಟು ದಿನ. ಬರೋಬ್ಬರಿ ಲೆಕ್ಕದ ಖಾತೆ. ಸುಳ್ಳು ಬರದ್ರ ಟಪಾಲಿನ ಸಿಕ್ಕಾ ಹಿಡಿದು ಕೊಡತಿತ್ತು. (ಎರಡನೇ ಮಹಾಯುದ್ಧದಾಗ ಇಂಥಾ ಅಂಕಿ ಇರೋ ಕಾರ್ಡು ಗುಪ್ತ ಸಂದೇಶ ಇರಬಹುದಂತ ಸೆನ್ಸಾರ್‌ನವರು ಹೊರದೇಶದ ಟಪಾಲ್ ಚೆಸ್ಸಿಗೆ ಅಡ್ಡ ಬಂದಿದ್ರು, ಆಡೋರಿಗೆ ಅದೊಂದು ಬ್ಯಾರೆ ಸಂಕಟ.)

ಎದುರಿನಾಂವ ಸುಮ್ಮನಾದ್ರ ಏನ್ ಮಾಡತಿದ್ರು ಅನ್ನೋದು ನೋಡ್ರಿ. ಕಾರ್ಡು ಬರಲಿಲ್ಲಂದ್ರ ಮೊದಲ ಅನುಮಾನ ಟಪಾಲಿನ ಮ್ಯಾಲ, ಆಟಗಾರನ ಮ್ಯಾಲ ಅಲ್ಲ. ಅದಕ್ಕ ಅದ ನಡೆ ಮತ್ತೊಮ್ಮೆ ಬರದು ಜ್ಞಾಪನದ ಕಾರ್ಡು ಹಾಕಬೇಕು, ಅದಕ್ಕೂ ಉತ್ತರ ಇಲ್ಲಂದ್ರ ರಿಜಿಸ್ಟರ್ ಮಾಡಿ ಕಳಸಬೇಕು, ಆಮ್ಯಾಲ ಟೂರ್ನಮೆಂಟ್ ಡೈರೆಕ್ಟರಿಗೆ ತಾರೀಖು ಸಮೇತ ದೂರು, ಅವರು ಇಬ್ಬರ ಮಾತೂ ಕೇಳಿ ತೀರ್ಮಾನ ಕೊಡಬೇಕು. ಇಷ್ಟೆಲ್ಲಾ ಆಗೂತನಕ ಇಬ್ಬರ ನಡುವ ನಾಕು ಸಾಲರೆ ಮಾತು ಆಗಿರತಿತ್ತು. ಆರಾಮಿದ್ದಿಲ್ಲ, ಮನ್ಯಾಗ ಲಗ್ನ ಇತ್ತು, ವರ್ಗಾವಣಿ ಆತು ಅಂತ ಗೊತ್ತಾಗತಿತ್ತು. ಟೈಮ್ ಮ್ಯಾಲ ಸೋಲೋದು ಆಗನೂ ಇತ್ತು, ಆದ್ರ ಯಾರಿಗೂ ಗೊತ್ತಿಲ್ಲದ ಆಗತಿದ್ದಿಲ್ಲ.

ಈಮೇಲ್ ಬಂದು ದಾರಿಯ ದಿನ ಇಲ್ಲದಂಗ ಮಾಡಿತು. 2004ರಾಗ ಐಸಿಸಿಎಫ್ ತನ್ನ ವೆಬ್ ಸರ್ವರ್ ತೆರೀತು, ಅಲ್ಲೆ ರೂಢಿ ಲೆಕ್ಕ 10 ನಡೆಗೆ 50 ದಿನ, ಉಳಿದ ದಿನ ಮುಂದಕ್ಕ ಜಮಾ. ಆಮ್ಯಾಲ ನೆಟ್‌ನಾಗ ಚೆಸ್ ಆಡೋ ಸೈಟ್ ಬಂದವು, 2007ರಾಗ ಚೆಸ್ ಡಾಟ್ ಕಾಮ್, 2010ರಾಗ ಲಿಚೆಸ್. ಇವು ತಂದದ್ದು ಬ್ಯಾರೆನ ಲೆಕ್ಕ, ಒಂದು ನಡೆಗೆ ಇಷ್ಟು ದಿನ ಅಂತ, 1, 3, 7, 14 ಹಿಂಗ. ನಡೆ ಹಾಕಿದ ಕೂಡಲೆ ಗಡುವು ಹೊಸದಾಗಿ ಶುರು, ಜಮಾ ಅನ್ನೋದ ಇಲ್ಲ. ಹತ್ತು ನಡೆ ಹತ್ತು ನಿಮಿಷದಾಗ ಹಾಕಿದ್ರೂ ಹನ್ನೊಂದನೇದಕ್ಕ ಅದ 3 ದಿನ. ಹಳೇ ಪದ್ಧತಿ ರೂಢಿ ಇದ್ದವರು ಇಲ್ಲೇ ಎಡವತಾರ, ಇಷ್ಟು ದಿನ ಬಡಾಬಡಾ ಆಡೀನಲ್ಲ, ಒಂದು ವಾರ ಊರಿಗೆ ಹೋಗಿ ಬಂದ್ರ ಏನಾತು ಅಂತ ತಿಳ್ಕೋತಾರ.

ಇನ್ನೊಂದು, 3 ದಿನ ಅಂದ್ರ ಮೂರು ತಾರೀಖಲ್ಲ, 72 ತಾಸು. ಅಮೆರಿಕಾದಾಂವ ಅವನ ಸಂಜೀಕ ನಡೆ ಹಾಕಿದ್ರ ನಮಗ ಸೋಮವಾರ ನಸುಕಿನ ಮೂರು ಗಂಟೆ ಆಗಿರಬಹುದು, ಗಡುವು ಮುಗಿಯೋದೂ ಗುರುವಾರ ನಸುಕಿನ ಮೂರಕ್ಕ. ಗುರುವಾರ ಮುಂಜಾನೆ ಚಹಾ ಕುಡಕೋತ ನೋಡೋಣು ಅಂತ ಮಲಗಿದವ ಎದ್ದು ನೋಡೂದರಾಗ ಆಟ ಹೋಗಿರತೈತಿ. ಟಪಾಲಿನಾಗ ತಾರೀಖು ಎಣಿಸತಿದ್ರು, ಸರ್ವರ್ ಸೆಕೆಂಡ್ ಎಣಿಸತೈತಿ.

ಮೊದಮೊದಲಿನ ಕೆಲವು ಸೈಟಿನಾಗ ಟೈಮ್ ಮುಗಿದ್ರೂ ಆಟ ತಾನ ಮುಗೀತಿದ್ದಿಲ್ಲ, ಎದುರಿನಾಂವ ಬಟನ್ ಒತ್ತಿ ಗೆಲುವು ಕೇಳಬೇಕಿತ್ತು. ಅದರಾಗೂ ಜಗಳ ಇತ್ತು, ಒತ್ತಿದವ ಕಲ್ಲೆದಿಯಾಂವ ಅನ್ನಿಸಿಕೊಳ್ಳೋದು, ಒತ್ತದಾಂವ ತಿಂಗಳಾನಗಟ್ಟಲೆ ಕಾಯೋದು. ಆದ್ರ ಅಲ್ಲೆ ಒಬ್ಬ ಮನುಷ್ಯಾ ನಿರ್ಧಾರ ತೊಗೋತಿದ್ದ. ಈಗ ಹೆಚ್ಚಿನ ಕಡೆ ಸರ್ವರ್ ತಾನ ಮುಗಿಸತೈತಿ, ಗೆದ್ದಾಂವಗೂ ಮರುದಿನ ನೋಟಿಫಿಕೇಶನ್ ನೋಡಿದಾಗ ಗೊತ್ತು. ಸೋತಾಂವ ಮಾತ್ರ ಅಂವಾನ ಹಿಂಗ ಮಾಡಿದ ಅಂತ ತಿಳಿದು ಚಾಟ್‌ದಾಗ ಬೈತಾನ. ಇವತ್ತಿನ ಜಗಳದಾಗ ಅರ್ಧಕ್ಕರ್ಧ ಇದ ತಪ್ಪು ತಿಳುವಳಿಕಿ ಅಂತ ನನಗ ಅನ್ನಸತೈತಿ.

2019ರ ಆಗಸ್ಟ್‌ದಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದು ನಮ್ಮ ಕಡಿ ಊರಿಗೆ ಊರ ನೀರಾಗ ನಿಂತಿದ್ದು ಯಾರೂ ಮರ್ತಿಲ್ಲ. ಮುಧೋಳ ಕಡೆಯ ಒಬ್ಬ ಗೆಳೆಯಾ ದನಾ, ಮುದುಕರನ್ನ ಕರ್ಕೊಂಡು ಪರಿಹಾರ ಕೇಂದ್ರದಾಗ ಇದ್ದ, ಕರೆಂಟಿಲ್ಲ, ಫೋನಿಗೆ ಚಾರ್ಜಿಲ್ಲ. ಹೊರಗ ಬಂದು ನೋಡಿದ್ರ ತನ್ನ ಕಡೆ ಒಂದು ಆನಿ ಹೆಚ್ಚಿದ್ದು ಗೆಲ್ಲೋ ಹಂಗಿದ್ದ ಆಟ ಟೈಮ್ ಮ್ಯಾಲ ಹೋಗಿತ್ತು. ಎದುರಿನವ ಪೋಲೆಂಡಿನಾಂವ, ಅವನಿಗೆ ಇಂವಾ ಕೆಟ್ಟ ಸಿಟ್ಟಿಲೆ ಮೆಸೇಜ್ ಬರದ. ಆ ಮನುಷ್ಯಾ ಪಾಪ, ಆಟ ಮುಗಿದದ್ದ ನನಗ ಈಗ ಗೊತ್ತಾತು, ಏನಾತು ನಿಮ್ಮ ಕಡೆ ಅಂತ ಕೇಳಿದ. ನೀರಿನ ಫೋಟೋ ಕಳಿಸಿದ ಮ್ಯಾಲ ಅದ ಪೋಸಿಶನ್‌ನಿಂದ ಮತ್ತೊಂದು ಆಟ ಅವನ ಹಾಕಿದ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್‌ದಾಗ ಟ್ರೇನಿಂಗ್ ಮುಗಿಸಿ ಗಡಿಗೆ ಹೋಗೋ ಹುಡುಗರದೂ ಇದ ಕತಿ, ನೆಟ್‌ವರ್ಕ್ ಇಲ್ಲದ ಜಾಗಾಕ್ಕ ಪೋಸ್ಟಿಂಗ್ ಆದ್ರ ಇದ್ದ ಆಟ ಎಲ್ಲಾ ಹೋಗತಾವು. ಚೆಸ್ ಡಾಟ್ ಕಾಮ್‌ದಾಗ ರಜಾ ಹಾಕೋ ಸವಲತ್ತು ಐತಿ, ಆದ್ರ ಹೊಳಿ ಬರೋ ಮೊದಲ ರಜಾ ಹಾಕೋರು ಯಾರು? ಅಲ್ಲೆ ಟೈಮ್‌ಔಟ್ ಶೇಕಡಾ, ಅಂದ್ರ ನೂರಕ್ಕ ಎಷ್ಟು ಆಟ ಟೈಮ್ ಮ್ಯಾಲ ಸೋತ್ರಿ ಅನ್ನೋ ಒಂದು ಅಂಕಿನೂ ತೋರಸ್ತಾರ, ಅದು ಏರಿದ್ರ ಕೆಲವು ಟೂರ್ನಮೆಂಟಿಗೆ ಸೇರಸ್ಕೊಳ್ಳಂಗಿಲ್ಲ, ಇದು ಮಾತ್ರ ಒಳ್ಳೇದ ಮಾಡ್ಯಾರ, ಆಟ ಬಿಟ್ಟು ಓಡೋರಿಗೆ ಲಗಾಮು ಬೇಕ ಬೇಕು.

ಟೈಮ್ ಮುಗಿದ್ರೂ ಡ್ರಾ ಆತಲ್ಲ ಅನ್ನೋ ತಕರಾರು ಬ್ಯಾರೆ. ಟೈಮ್ ಮುಗಿದವನ ಹತ್ರ ರಾಜ ಮತ್ತ ಒಂದು ಕಾಲಾಳು, ಎದುರಿನಾಂವಗ ರಾಜ ಮತ್ತ ಒಂದ ಕುದುರಿ. ಫಿಡೆ ಅನ್ನೋ ಜಾಗತಿಕ ಚೆಸ್ ಒಕ್ಕೂಟದ ನಿಯಮದ ಪ್ರಕಾರ ಹೆಂಗರೆ ಮಾಡಿ ಚೆಕ್‌ಮೇಟ್ ಸಾಧ್ಯ ಇದ್ರ ಅದು ಸೋಲ, ಲಿಚೆಸ್ ಇದನ್ನ ಪಾಲಸತೈತಿ. ಚೆಸ್ ಡಾಟ್ ಕಾಮ್ ಒಂದ ಕುದುರಿ ಇದ್ರ ಡ್ರಾ ಕೊಡತೈತಿ. ಎರಡೂ ಕಡೆ ಆಡೋರು ಇದನ್ನ ಮೊದಲ ತಿಳ್ಕೊಂಡಿರಬೇಕು.

ಸರ್ವರನ್ನ ಬರೇ ಬೈಯೋದೂ ಸರಿ ಅಲ್ಲ, ಗಡುವು ಬಿಗಿ ಇಲ್ಲಂದ್ರ ಏನಾಗತೈತಿ ಅನ್ನೋದಕ್ಕ ಐಸಿಸಿಎಫ್ ಸಾಕ್ಷಿ. ಅಲ್ಲೆ ಒಳ್ಳೇ ನಡೆ ಹುಡುಕಿ ಕೊಡೋ ಕಂಪ್ಯೂಟರ್ ಎಂಜಿನ್ ಬಳಸಾಕ ಅನುಮತಿ ಐತಿ, ಹಂಗಾಗಿ ದೊಡ್ಡ ಟೂರ್ನಮೆಂಟಿನಾಗ ಹೆಚ್ಚುಕಮ್ಮಿ ಎಲ್ಲಾ ಆಟ ಡ್ರಾ, ಒಂದ ಗೆಲುವಿಗೆ ಬಂಗಾರದ ಬೆಲೆ. ಸೋಲೋ ಆಟನ ಕೆಲವರು ರಿಸೈನ್ ಮಾಡದ, ಅಂದ್ರ ಸೋಲು ಒಪ್ಪಿಕೊಳ್ಳದ, ತಿಂಗಳಾನಗಟ್ಟಲೆ ಎಳೀತಾರ, ಎದುರಿನ ವಯಸ್ಸಾದವರು ಆಟ ಮುಗಿಯೋದರಾಗ ತೀರಿಕೊಂಡ್ರ ತಮಗ ಲಾಭ ಆದೀತು ಅಂತ. ಅದಕ್ಕ ಆಡೋರು ಇಟ್ಟ ಹೆಸರು ಸತ್ತವನ ಡಿಫೆನ್ಸ್. ಕೇಳಿದ್ರ ಹೊಟ್ಟ್ಯಾಗ ಸಂಕಟ ಆಗತೈತಿ. ಹಿಂಗ ಎಳೆಯೋದು ತಪ್ಪಸಾಕಂತನ ಅಲ್ಲೆ ಟ್ರಿಪಲ್ ಬ್ಲಾಕ್ ಅನ್ನೋ ಹೊಸ ಗಡಿಯಾರ ತಂದಾರ.

ಅದಕ್ಕ ಗಡುವು ಬಿಗಿನ ಇರಲಿ, ಆದ್ರ ಆ ಜ್ಞಾಪನದ ಕಾರ್ಡು ವಾಪಸ್ ಬರಬೇಕು ಅನ್ನೋದು ನನ್ನ ವಾದ. ಟೈಮ್ ಮುಗಿದ ಕೂಡಲೆ ಎದುರಿನಾಂವಗ ಎರಡು ದಿನ ಕೊಡ್ತೀಯೇನು ಅಂತ ಸರ್ವರ್ ಒಂದ ಸಲ ಕೇಳಲಿ, ಅಂವಾ ಒಲ್ಲೆ ಅಂದ್ರ ಆಟ ಮುಗೀಲಿ. ಅಲ್ಲೀತನಕ ನಮ್ಮ ಗ್ರೂಪಿನವರು ತಮ್ಮೊಳಗ ಒಂದು ಪದ್ಧತಿ ಇಟ್ಕೊಂಡಾರ. ಕಬ್ಬಿನ ಸುಗ್ಗಿಯೊಳಗ 7 ದಿನಕ್ಕಿಂತ ಕಮ್ಮಿ ಗಡುವಿನ ಆಟ ಹಾಕಂಗಿಲ್ಲ, ಆಟ ಶುರು ಆಗೋ ಮೊದಲ ಚಾಟ್‌ದಾಗ ನಮ್ಮ ಟೈಮು, ಕೆಲಸ ಎರಡು ಸಾಲಿನಾಗ ಬರೀಬೇಕು, ಟೈಮ್ ಮ್ಯಾಲ ಗೆದ್ದವ ಪಾಯಿಂಟ್ ಇಟ್ಕೊಳ್ಳಲಿ, ಸೋತವ ಕೇಳಿದ್ರ ಅದ ಪೋಸಿಶನ್‌ನಿಂದ ರೇಟಿಂಗ್ ಇಲ್ಲದ ಇನ್ನೊಂದು ಆಟ ಹಾಕಿ ಕಡೀತನಕ ಆಡಬೇಕು.