ಕಾರಿಗೆ ರೆಕ್ಕೆ ಯಾಕೆ?

ಓದುಗರ ಪ್ರಶ್ನೆ: "1950ರ ದಶಕದ ಅಮೆರಿಕನ್ ಕಾರುಗಳ ಫೋಟೋ ನೋಡಿದಾಗಲೆಲ್ಲ ಒಂದೇ ಅನುಮಾನ. ಹಿಂದುಗಡೆ ಎರಡೂ ಪಕ್ಕ ರೆಕ್ಕೆ ಥರ ಎದ್ದು ನಿಂತಿರುತ್ತಲ್ಲ, ಅದು ಯಾಕೆ? ಜೋರು ಗಾಳಿಗೆ ಕಾರು ಅಲ್ಲಾಡದಿರಲಿ ಅಂತಾನಾ, ಇಲ್ಲಾ ಸುಮ್ನೆ ಶೋಕಿಗಾ?"

ಸುಮ್ನೆ ಶೋಕಿಗೆ.

ಉತ್ತರ ಇಷ್ಟೇ. ಆದರೆ ಆ ಶೋಕಿ ಎಲ್ಲಿಂದ ಬಂತು, ಯಾರಿಗೆ ಲಾಭ ಆಯ್ತು ಅನ್ನೋದು ಒಳ್ಳೇ ಕಥೆ. ಅದು ಶುರುವಾಗೋದು ಒಂದು ಯುದ್ಧವಿಮಾನದಿಂದ.

1941ರಲ್ಲಿ ಡೆಟ್ರಾಯಿಟ್ ಹತ್ತಿರದ ಸೆಲ್ಫ್‌ರಿಡ್ಜ್ ವಾಯುನೆಲೆಗೆ ಜನರಲ್ ಮೋಟಾರ್ಸ್‌ನ ವಿನ್ಯಾಸಕಾರರ ಒಂದು ಗುಂಪು ಹೋಯಿತು. ಅಲ್ಲಿ ನಿಂತಿದ್ದದ್ದು ಲಾಕ್‌ಹೀಡ್ ಪಿ-38. ಈ ವಿಮಾನಕ್ಕೆ ನಡುವೆ ಪೈಲಟ್ ಕೂರುವ ಸಣ್ಣ ಗೂಡು, ಅದರ ಎರಡೂ ಪಕ್ಕ ಹಿಂದಕ್ಕೆ ಚಾಚಿದ ಎರಡು ಉದ್ದನೆಯ ಒಡಲು, ಒಂದೊಂದರ ತುದಿಗೂ ಒಂದೊಂದು ನೆಟ್ಟಗಿನ ರೆಕ್ಕೆ. ಆಗಿನ್ನೂ ಅದು ಗುಟ್ಟಿನ ವಿಮಾನ. ಕಾರು ಮಾಡುವವರನ್ನು ಒಳಗೆ ಬಿಟ್ಟಿದ್ದಾದರೂ ಯಾಕೆ ಅಂತೀರಾ? ಅದರ ಎಂಜಿನ್ ಆಲಿಸನ್ ಕಂಪನಿಯದು, ಆಲಿಸನ್ ಇದ್ದದ್ದು ಜನರಲ್ ಮೋಟಾರ್ಸ್ ಕೈಯಲ್ಲೇ. ಬಿಟ್ಟರೂ ಹತ್ತಿರ ಹೋಗಿ ಮುಟ್ಟೋಕೆ ಬಿಡಲಿಲ್ಲ, ದೂರದಿಂದಲೇ ನೋಡಬೇಕಾಯಿತು.

ಅವರ ಮುಖ್ಯಸ್ಥ ಹಾರ್ಲಿ ಅರ್ಲ್. ಆರಡಿ ನಾಲ್ಕಿಂಚಿನ ಆಳು. ಹುಟ್ಟಿ ಬೆಳೆದದ್ದು ಹಾಲಿವುಡ್‌ನಲ್ಲಿ, ಅಪ್ಪ ಕುದುರೆಗಾಡಿ ಕಟ್ಟುತ್ತಿದ್ದವರು. ಸಿನಿಮಾ ತಾರೆಯರಿಗೆ ಬೇಕುಬೇಕಾದ ಹಾಗೆ ಕಾರಿನ ಬಾಡಿ ಕಟ್ಟಿಕೊಡುತ್ತಾ ಹೆಸರು ಮಾಡಿದ್ದ ಈತನನ್ನು 1927ರಲ್ಲಿ ಜನರಲ್ ಮೋಟಾರ್ಸ್ ಕರೆಸಿಕೊಂಡಿತ್ತು. ಕಾರಿನ ಅಂದ ನೋಡಿಕೊಳ್ಳೋಕೆ ಅಂತಲೇ ಒಂದು ಇಲಾಖೆ ತೆರೆದು ಕೈಗೆ ಕೊಟ್ಟಿತ್ತು. ಕಾರು ಉದ್ದ ಆಗಬೇಕು, ತಗ್ಗಬೇಕು. ಮೂವತ್ತು ವರ್ಷ ಅರ್ಲ್ ಜಪಿಸಿದ್ದು ಇದೊಂದೇ ಮಂತ್ರ.

ಯುದ್ಧದ ವರ್ಷಗಳಲ್ಲಿ ಅಮೆರಿಕದಲ್ಲಿ ಹೊಸ ಕಾರು ತಯಾರಾಗಲಿಲ್ಲ. ಯುದ್ಧ ಮುಗಿದ ಮೇಲೆ ಪಿ-38ರ ನೆನಪು ಜನರಲ್ ಮೋಟಾರ್ಸ್‌ನ ದುಬಾರಿ ಕಾರಾದ ಕ್ಯಾಡಿಲಾಕ್‌ನ 1948ರ ಮಾದರಿಯಲ್ಲಿ ಹೊರಗೆ ಬಂತು. ಈಗ ನೋಡಿದರೆ ಅದನ್ನು ರೆಕ್ಕೆ ಅನ್ನೋಕೂ ಮನಸ್ಸು ಬರಲ್ಲ. ಹಿಂದಿನ ದೀಪದ ಮೇಲೆ ಒಂದು ಸಣ್ಣ ಉಬ್ಬು, ಅಷ್ಟೇ. ಅದಕ್ಕೂ ಕಂಪನಿಯ ಒಳಗೆ ಗೊಣಗಾಟ ಎದ್ದಿತ್ತು. ಆದರೆ ಕೊಂಡವರಿಗೆ ಇಷ್ಟವಾಯಿತು. ಯಾಕೆ ಅಂತ ಅರ್ಲ್ ಆಮೇಲೆ ವಿವರಿಸಿದ್ದು ನನಗೆ ಬಹಳ ಇಷ್ಟ: ಕ್ಯಾಡಿಲಾಕ್ ಕೊಂಡವನಿಗೆ ಆ ರೆಕ್ಕೆ, ಕೊಟ್ಟ ದುಡ್ಡಿಗೆ ಸಿಕ್ಕ ಇನ್ನೊಂದು ರಸೀದಿ ಇದ್ದ ಹಾಗೆ. ರಸ್ತೆಯಲ್ಲಿ ಎಲ್ಲರಿಗೂ ಕಾಣೋ ರಸೀದಿ.

ಹಾಗಾದರೆ ರೆಕ್ಕೆಯಿಂದ ಒಂದು ಕೆಲಸವೂ ಆಗ್ತಿರಲಿಲ್ವಾ? ಒಂದು ಇತ್ತು, ತಮಾಷೆಯದು. ಆ ಕ್ಯಾಡಿಲಾಕ್‌ಗೆ ಪೆಟ್ರೋಲ್ ಹಾಕೋಕೆ ಮುಚ್ಚಳ ಹುಡುಕಿದರೆ ಸಿಗಲ್ಲ. ಎಡಗಡೆಯ ಹಿಂದಿನ ದೀಪದ ಕೆಳಗೆ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ದೀಪವೇ ಕೀಲಿನ ಮೇಲೆ ಮೇಲಕ್ಕೆ ಎದ್ದು ಕೂರುತ್ತೆ, ಮುಚ್ಚಳ ಇರೋದು ಅದರ ಹಿಂದೆ. ಈ ಚಮತ್ಕಾರ ರೆಕ್ಕೆ ಬರೋಕೂ ಮೊದಲೇ, 1941ರಿಂದಲೇ ಇತ್ತು. ರೆಕ್ಕೆ ಬಂದ ಮೇಲೆ ಬಚ್ಚಿಡೋಕೆ ಇನ್ನೂ ಒಳ್ಳೇ ಜಾಗ ಸಿಕ್ಕಿತು. ಅದೇ ಜನರಲ್ ಮೋಟಾರ್ಸ್‌ನ 1957ರ ಶೆವರ್ಲೆ ಬೆಲ್ ಏರ್‌ನಲ್ಲಿ ಎಡ ರೆಕ್ಕೆಯ ಹಿಂದಿನ ಅಂಚಿನ ಕ್ರೋಮ್ ಪಟ್ಟಿಯೇ ಸಣ್ಣ ಬಾಗಿಲು. ಗೊತ್ತಿಲ್ಲದವರು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರೂ ಕಣ್ಣಿಗೆ ಬೀಳಲ್ಲ.

ಇನ್ನು ಲಾಭದ ಮಾತು. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಮಾಡೆಲ್ ಟಿ ಅನ್ನೋ ಒಂದೇ ಕಾರನ್ನು ಒಂದೂವರೆ ಕೋಟಿ ಮಾಡಿ ಮಾರಿದ. ವರ್ಷ ವರ್ಷ ಬೆಲೆ ಇಳಿಸಿದ. ಸುಮಾರು ಹನ್ನೆರಡು ವರ್ಷ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇರಲಿಲ್ಲ. ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಬೇರೆಯೇ ಲೆಕ್ಕ ಹಾಕಿದ. ಕಾರು ಬೇಕಾದವರ ಹತ್ತಿರ ಹೆಚ್ಚುಕಡಿಮೆ ಕಾರು ಬಂದಾಗಿದೆ, ಇನ್ನು ಮಾರಬೇಕಾದ್ದು ಎರಡನೇದನ್ನು. ಮೊದಲನೇದು ಚೆನ್ನಾಗಿ ಓಡುತ್ತಿರುವಾಗ ಎರಡನೇದು ಯಾಕೆ ಕೊಳ್ತಾರೆ? ಮೊದಲನೇದು ಹಳೇದಾಗಿ ಕಂಡರೆ ಕೊಳ್ತಾರೆ. ಎಂಜಿನ್ ಹಾಳಾಗಬೇಕಾಗಿಲ್ಲ, ಪಕ್ಕದ ಮನೆಯವರ ಹೊಸ ಕಾರು ಬೇರೆ ಥರ ಇದ್ದರೆ ಸಾಕು. ಅಲ್ಲಿಂದ ವರ್ಷಕ್ಕೊಂದು ಹೊಸ ರೂಪ ಕೊಡುವ ಪದ್ಧತಿ ಬೇರೂರಿತು. ಜೊತೆಗೆ ಒಂದು ಏಣಿಯೂ ಇತ್ತು: ಶೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದ ಹಾಗೆ ಮೆಟ್ಟಿಲು ಹತ್ತಬೇಕು.

ಎಂಜಿನ್ ಬದಲಾಯಿಸೋದು ಖರ್ಚಿನ ಕೆಲಸ, ತಗಡು ಬಗ್ಗಿಸೋದು ಅಷ್ಟಲ್ಲ. ರೆಕ್ಕೆ ಈ ಆಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಈ ವರ್ಷ ಒಂದಿಂಚು ಎತ್ತರ, ಮುಂದಿನ ವರ್ಷ ಇನ್ನೊಂದಿಂಚು.

ಈ ಆಟಕ್ಕೆ ತಡವಾಗಿ ಇಳಿದು ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಡಾಡ್ಜ್, ಪ್ಲಿಮತ್ ಕಾರು ಮಾಡುತ್ತಿದ್ದ ಎದುರಾಳಿ ಕಂಪನಿ ಕ್ರೈಸ್ಲರ್. ಅದರ ಮುಖ್ಯಸ್ಥರಾಗಿದ್ದ ಕೆ.ಟಿ. ಕೆಲ್ಲರ್ ಅವರಿಗೆ ತಲೆ ಮೇಲೆ ಟೋಪಿ ಇಟ್ಟುಕೊಂಡೇ ಕೂರುವಂತೆ ಕಾರು ಇರಬೇಕಿತ್ತು. ಹಾಗಾಗಿ ಅವರ ಕಾಲದ ಡಾಡ್ಜ್, ಪ್ಲಿಮತ್‌ಗಳು ಡಬ್ಬಿ ಥರ ನೆಟ್ಟಗೆ ನಿಂತಿರುತ್ತಿದ್ದವು. ಆಮೇಲೆ ವಿನ್ಯಾಸ ವರ್ಜಿಲ್ ಎಕ್ಸ್‌ನರ್ ಕೈಗೆ ಬಂತು. 1957ರ ಮಾದರಿಗಳನ್ನು ಆತ ನೆಲಕ್ಕೆ ತಗ್ಗಿಸಿ, ಹಿಂದೆ ದೊಡ್ಡ ರೆಕ್ಕೆ ಎಬ್ಬಿಸಿದ. ಗೇರಿನ ಕಡ್ಡಿ ಹೋಗಿ ಡ್ಯಾಶ್‌ಬೋರ್ಡಿನಲ್ಲಿ ಗುಂಡಿಗಳು ಬಂದಿದ್ದವು. ಬೇಕೆಂದವರಿಗೆ ಕಾರಿನಲ್ಲೇ ಗ್ರಾಮಫೋನ್ ರೆಕಾರ್ಡ್ ಹಾಕುವ ಪೆಟ್ಟಿಗೆಯೂ ಸಿಗುತ್ತಿತ್ತು! ಪ್ಲಿಮತ್‌ನ ಜಾಹೀರಾತು ಹೇಳಿದ್ದು ಇಷ್ಟೇ: ಇದ್ದಕ್ಕಿದ್ದ ಹಾಗೆ 1960 ಬಂದುಬಿಟ್ಟಿದೆ.

ನೀವು ಕೇಳಿದ ಗಾಳಿಯ ಮಾತು ಬರೋದು ಇಲ್ಲೇ. ಅಡ್ಡಗಾಳಿ ಬೀಸಿದಾಗ ರೆಕ್ಕೆ ಕಾರನ್ನು ನೇರ ಇಡುತ್ತೆ, ಸ್ಟೇರಿಂಗ್ ಜಾಸ್ತಿ ತಿರುಗಿಸಬೇಕಾಗಿಲ್ಲ ಅಂತ ಕ್ರೈಸ್ಲರ್ ಹೇಳಿಕೊಂಡಿತು. ಪರೀಕ್ಷೆ ಮಾಡಿದ್ದೇವೆ ಅಂತಲೂ ಹೇಳಿತು. ಪೂರ್ತಿ ಸುಳ್ಳಲ್ಲ, ಬಾಣಕ್ಕೆ ಗರಿ ಕಟ್ಟೋದು ಇದಕ್ಕೇ ಅಲ್ವಾ? ಆದರೆ ಜನ ದಿನಾ ಕಾರು ಓಡಿಸುವ ವೇಗದಲ್ಲಿ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲ್ಲ. ಮೊದಲು ರೂಪ ಬಂತು, ಕಾರಣ ಹುಡುಕಿದ್ದು ಆಮೇಲೆ.

1956ರ ಆಗಸ್ಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಯುವ ವಿನ್ಯಾಸಕಾರ ಚಕ್ ಜೋರ್ಡನ್ ಊಟದ ಬಿಡುವಿನಲ್ಲಿ ಕಾರು ತೆಗೆದುಕೊಂಡು ಹೊರಟ. ಕ್ರೈಸ್ಲರ್ ಜಾಗದ ಬೇಲಿಯ ಆಚೆ ಹೊಸ ಪ್ಲಿಮತ್‌ಗಳು ಸಾಲಾಗಿ ನಿಂತಿದ್ದವು, ರೆಕ್ಕೆ ಸಮೇತ. ವಾಪಸ್ ಬಂದು ಉಳಿದವರಿಗೆ ಹೇಳಿದ. ಅವರೂ ಹೋಗಿ ಬೇಲಿಗೆ ಮುಖ ಒತ್ತಿ ನೋಡಿಕೊಂಡು ಬಂದರು. ಅರ್ಲ್ ಆಗ ಯುರೋಪಿನಲ್ಲಿದ್ದ. ಯಜಮಾನ ಊರಲ್ಲಿಲ್ಲದಾಗಲೇ ಇವರು 1959ರ ಮಾದರಿಯ ಕೆಲಸವನ್ನು ಮೊದಲಿನಿಂದ ಶುರು ಮಾಡಿದರು.

ಅದರ ಫಲವೇ ನೀವು ನೋಡಿರುವ ಆ ಫೋಟೋಗಳಲ್ಲಿ ಬಹುಪಾಲು: 1959ರ ಕ್ಯಾಡಿಲಾಕ್. ಉದ್ದ 5.7 ಮೀಟರ್. ನಮ್ಮ ಮಾರುತಿ 800 ಇದ್ದದ್ದು 3.3 ಮೀಟರ್. ತೂಕ ಎರಡು ಟನ್ನಿಗೂ ಮೇಲೆ, ಎಂಜಿನ್ 6.4 ಲೀಟರಿನ ವಿ-8. ಹಿಂದಿನಿಂದ ನೋಡಿದರೆ ಹಡಗಿನ ಹಾಯಿಯಂಥ ಎರಡು ರೆಕ್ಕೆ. ಒಂದೊಂದರ ನಡುವೆ ಬುಲೆಟ್ ಆಕಾರದ ಎರಡೆರಡು ಕೆಂಪು ದೀಪ, ರಾಕೆಟ್ಟಿನ ಬಾಲದಲ್ಲಿ ಬೆಂಕಿ ಉಗುಳಿದ ಹಾಗೆ. ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿ ಎರಡು ವರ್ಷವೂ ಆಗಿರಲಿಲ್ಲ, ಜೆಟ್ಟು ರಾಕೆಟ್ಟು ಅಂದರೆ ಎಲ್ಲರಿಗೂ ಹುಚ್ಚು. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಪೆಟ್ರೋಲಿಗೆ ಮೂವತ್ತು ಸೆಂಟ್ ಆಸುಪಾಸು. 1956ರ ಕಾನೂನಿನಂತೆ 41,000 ಮೈಲಿ ಹೆದ್ದಾರಿ ಕಟ್ಟುವ ಕೆಲಸ ನಡೀತಿತ್ತು. ಅಂಥ ರಸ್ತೆ, ಅಂಥ ಪೆಟ್ರೋಲ್ ಇದ್ದಾಗ ಮಾತ್ರ ಹುಟ್ಟಬಹುದಾದ ಕಾರು ಅದು.

ನನ್ನನ್ನು ಕೇಳಿದರೆ ಸ್ವಲ್ಪ ಅತಿಯಾಯ್ತು. ಮದುವೆಗೆ ಮನೆಯಲ್ಲಿರೋ ಒಡವೆ ಎಲ್ಲಾ ಒಟ್ಟಿಗೆ ಹಾಕಿಕೊಂಡು ಬಂದವರ ಹಾಗೆ. 1957ರ ಬೆಲ್ ಏರ್ ನನಗೆ ಸಾಕು. ಮೈಯೆಲ್ಲ ಒಂದು ತಿಳಿ ಬಣ್ಣ, ತಲೆಗೆ ಬಿಳಿ, ಮುಂದೆ ಸೋಫಾದಂಥ ಒಂದೇ ಉದ್ದನೆ ಸೀಟು. ರೆಕ್ಕೆಯೂ ಅಳತೆ ಮೀರಿಲ್ಲ. ಆದರೂ 1959ರ ಕ್ಯಾಡಿಲಾಕ್ ಎದುರಿಗೆ ಬಂದರೆ ಕಣ್ಣು ಕೀಳೋಕಾಗಲ್ಲ ಅನ್ನೋದೂ ನಿಜ. ಇವತ್ತಿನ ಹತ್ತು ಕಾರುಗಳ ಲಾಂಛನ ಮುಚ್ಚಿ ನಿಲ್ಲಿಸಿದರೆ ಯಾವುದು ಯಾವ ಕಂಪನಿಯದು ಅಂತ ತಡಕಾಡಬೇಕು. ಇದನ್ನು ನೂರು ಅಡಿ ದೂರದಿಂದ, ಬರೀ ಬೆನ್ನು ನೋಡಿ ಹೇಳಬಹುದು.

ಇಳಿಯೋದು ಬೇಗ ಆಯಿತು. 1958ರಲ್ಲಿ ಆರ್ಥಿಕ ಹಿಂಜರಿತ, ಜನ ಸಣ್ಣ ಕಾರಿನ ಕಡೆ ನೋಡತೊಡಗಿದರು. ವರ್ಷ ವರ್ಷ ಒಂದೇ ಥರ ಕಾಣೋ ಫೋಕ್ಸ್‌ವ್ಯಾಗನ್ ಬೀಟಲ್, ಅದನ್ನೇ ಹೆಮ್ಮೆಯಿಂದ ಜಾಹೀರಾತು ಮಾಡಿ ಡೆಟ್ರಾಯಿಟ್ಟನ್ನು ಅಣಕಿಸಿತು. ಎಕ್ಸ್‌ನರ್‌ನ 1957ರ ಕಾರುಗಳು ಅವಸರದಲ್ಲಿ ತಯಾರಾಗಿದ್ದರಿಂದ ಬೇಗ ತುಕ್ಕು ಹಿಡಿದವು. ಚೂಪು ರೆಕ್ಕೆಗೆ ತಾಗಿ ಗಾಯಗೊಂಡವರಿದ್ದರು. ನಿಂತಿದ್ದ ಕಾರಿನ ರೆಕ್ಕೆಗೆ ಬಿದ್ದು ಮಗು ಸತ್ತ ಪ್ರಕರಣವನ್ನು ಕಾರುಗಳ ಸುರಕ್ಷತೆಗಾಗಿ ಹೋರಾಡಿದ ವಕೀಲ ರಾಲ್ಫ್ ನೇಡರ್ 1965ರಲ್ಲಿ ಬರೆದರು. ಅಷ್ಟರಲ್ಲಿ ಕ್ಯಾಡಿಲಾಕ್‌ನ ರೆಕ್ಕೆ ಕುಗ್ಗುತ್ತಾ ಬಂದು, 1964ರ ಮಾದರಿಗೇ ಕೊನೆಯಾಗಿತ್ತು.

ಕ್ಯೂಬಾದ ರಾಜಧಾನಿ ಹವಾನಾದ ಬೀದಿಯಲ್ಲಿ ಮಾತ್ರ ಆ ಕಾಲದ ಕಾರುಗಳು ಇನ್ನೂ ಓಡುತ್ತಿವೆ. ಕ್ರಾಂತಿಯ ನಂತರ ಅಮೆರಿಕದ ನಿರ್ಬಂಧ ಬಿದ್ದು ಹೊಸ ಕಾರು, ಬಿಡಿಭಾಗ ಎರಡೂ ನಿಂತವು. ಇದ್ದದ್ದನ್ನೇ ರಿಪೇರಿ ಮಾಡಿಕೊಂಡರು. ಬಾನೆಟ್ ಎತ್ತಿದರೆ ಒಳಗೆ ರಷ್ಯಾದ ಎಂಜಿನ್ ಇದ್ದರೂ ಆಶ್ಚರ್ಯವಿಲ್ಲ. ಅಲ್ಲಿಯವರು ಇವನ್ನು ಕರೆಯೋದು ಆಲ್ಮೆಂಡ್ರಾನ್, ಅಂದರೆ ದಪ್ಪ ಬಾದಾಮಿ.

ನಮ್ಮಲ್ಲೂ ಇದರ ಒಂದು ಎಳೆ ಇದೆ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ ವಾಲ್ಚಂದ್ ಹೀರಾಚಂದ್ ಅವರೇ ಬೊಂಬಾಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನೂ ಶುರು ಮಾಡಿದರು. ಮೊದಲು ಕೈ ಜೋಡಿಸಿದ್ದು ಕ್ರೈಸ್ಲರ್ ಜೊತೆ, ಟೋಪಿ ಎತ್ತರದ ಡಾಡ್ಜ್, ಪ್ಲಿಮತ್‌ಗಳ ಕಾಲದಲ್ಲಿ. ಆಮೇಲೆ ಅದು ಇಟಲಿಯ ಫಿಯಟ್ ಕಡೆ ಹೋಯಿತು. ಅಷ್ಟರಲ್ಲಿ ಅಮೆರಿಕದ ರೆಕ್ಕೆಯ ಗಾಳಿ ಯುರೋಪಿಗೂ ಬೀಸಿತ್ತು. ಹಾಗಾಗಿ ಫಿಯಟ್ 1100, ಅಂದರೆ ಮುಂದೆ ನಾವು ಪದ್ಮಿನಿ ಅಂತ ಕರೆದ ಕಾರು, ಹಿಂದುಗಡೆ ಎರಡು ಪುಟ್ಟ ರೆಕ್ಕೆ ಹೊತ್ತುಕೊಂಡೇ ಬಂತು. ಮರ್ಸಿಡಿಸ್ ಕೂಡ 1959ರಲ್ಲಿ ರೆಕ್ಕೆ ಇಟ್ಟಿತು. ಜರ್ಮನರಿಗೆ ಶೋಕಿ ಅನ್ನೋಕೆ ಸಂಕೋಚ ನೋಡಿ, ರಿವರ್ಸ್ ತೆಗೆಯುವಾಗ ಕಾರು ಎಲ್ಲಿಗೆ ಮುಗಿಯುತ್ತೆ ಅಂತ ತಿಳಿಯಲಿ ಅನ್ನೋ ಗುರುತು ಅದು ಅಂದರು.

ಓದಿದಾಗ ನಗು ಬಂತು. ಆಮೇಲೆ ನಮ್ಮ ದೊಡ್ಡಪ್ಪನ ಬಿಳಿ ಪದ್ಮಿನಿ ನೆನಪಾಯಿತು. ಅವರ ಮನೆ ಗೇಟು ಕಿರಿದು, ಪಕ್ಕದಲ್ಲೇ ಚರಂಡಿ. ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದಕ್ಕೆ ತಿರುಗಿ, ಒಂದೇ ಏಟಿಗೆ ಕಾರು ಹೊರಗೆ ತೆಗೆಯುತ್ತಿದ್ದರು. ಹೇಗೆ ದೊಡ್ಡಪ್ಪ ಅಂತ ಒಂದು ಸಲ ಕೇಳಿದ್ದಕ್ಕೆ ಅವರು ಹೇಳಿದ್ದು: "ಏನಿಲ್ಲ ಕಣೋ, ಆ ಕೊಂಬು ಗೇಟಿನ ಕಂಬ ದಾಟ್ತಾ ನೋಡ್ಕೋಬೇಕು, ಅಷ್ಟೇ."