ದೊಡ್ಡ ಚಕ್ರದ ಕಾರಿಗೆ ಸ್ನೋ ಚೈನ್ ಹುಡುಕುವಾಗ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರದ ಒಂದು ಟೈರ್ ಅಂಗಡಿಯಲ್ಲಿ ನನ್ನ ಕೆಲಸ. ಡಿಸೆಂಬರ್ ಬಂತೆಂದರೆ ಬೇ ಏರಿಯಾದಿಂದ ಹಿಮ ಬೀಳುವ ಲೇಕ್ ಟಾಹೋ ಬೆಟ್ಟಗಳಿಗೆ ಹೊರಟವರು, ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿ, ಅಂದರೆ ಸ್ನೋ ಚೈನ್ ಕೊಳ್ಳಲು ದಾರಿಯಲ್ಲಿ ನಮ್ಮಲ್ಲಿ ನಿಲ್ಲುತ್ತಾರೆ. ಅವರಲ್ಲಿ ಕನ್ನಡದವರೂ ಇರುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳು, ಪಕ್ಕದಲ್ಲಿ ಮೊದಲ ಸಲ ಸ್ನೋ ನೋಡಲು ಊರಿಂದ ಬಂದ ಅಜ್ಜ ಅಜ್ಜಿ. "ಅಣ್ಣಾ, ನಮ್ ಕಾರಿಗೆ ಒಂದು ಜೊತೆ ಚೈನ್ ಕೊಡಿ" ಎಂದು ಕಾರಿನ ಹೆಸರು ಹೇಳುತ್ತಾರೆ. ನಾನು ಹೊರಗೆ ಹೋಗಿ ಟೈರ್ ನೋಡಿಯೇ ಉತ್ತರ ಕೊಡುತ್ತೇನೆ. ಬಳೆಗಾರ ಕೈ ಹಿಡಿದು ನೋಡಿ ಬಳೆ ತೆಗೆಯುತ್ತಾನೆ, ಅಲ್ವಾ? ಇದೂ ಹಾಗೇ.

ಒಂದು ಜನವರಿಯಲ್ಲಿ ಗಂಡ ಹೆಂಡತಿ ಇಬ್ಬರು ಚೈನ್ ಕೈಯಲ್ಲಿ ಹಿಡಿದೇ ಬಂದಿದ್ದರು. "ಹೋದ ವರ್ಷ ಇದೇ ಕಾರಿಗೆ ಸರಿಯಾಗಿ ಕೂತಿತ್ತು ಸಾರ್, ಈ ಸಲ ಕೊಂಡಿ ಸೇರ್ತಾನೇ ಇಲ್ಲ." ನಡುವೆ ಆಗಿದ್ದು ಇಷ್ಟೇ. ಕಾರಿನ ಜೊತೆ ಬಂದಿದ್ದ 18 ಇಂಚಿನ ಚಕ್ರ ತೆಗೆದು, ಅಂದಕ್ಕೆ 20 ಇಂಚಿನದು ಹಾಕಿಸಿದ್ದರು. ಟೈರ್ 235/60ಆರ್18 ಇದ್ದದ್ದು 255/45ಆರ್20 ಆಗಿತ್ತು.

ಲೆಕ್ಕ ಹಾಕಿ ನೋಡಿ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈ ಎರಡೂ ಟೈರುಗಳ ಪೂರ್ತಿ ಎತ್ತರ 740 ಮಿ.ಮೀ.ಗೆ ಹತ್ತಿರ, ಎರಡು ಮಿ.ಮೀ. ವ್ಯತ್ಯಾಸವೂ ಇಲ್ಲ. ದೂರದಿಂದ ನೋಡಿದರೆ ಚಕ್ರ ದೊಡ್ಡದಾಗಿದೆ ಅನಿಸುತ್ತದೆ. ನಿಜವಾಗಿ ದೊಡ್ಡದಾಗಿದ್ದು ರಿಮ್. ಟೈರ್ 20 ಮಿ.ಮೀ. ಅಗಲವಾಗಿದೆ, ಗೋಡೆ ಗಿಡ್ಡವಾಗಿದೆ. ಅಗಲ ಹೆಚ್ಚಿದ್ದಕ್ಕೇ ಹಳೆಯ ಚೈನಿನ ಅಡ್ಡ ಸರಪಳಿ ಸಾಲದೆ ಹೋಗಿದ್ದು.

ಹಾಗಾದರೆ ಒಂದು ಸೈಜ್ ದೊಡ್ಡ ಚೈನ್ ತಂದರೆ ಆಯಿತಲ್ಲ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಭಯ ಆಗುವುದು ಇಲ್ಲೇ. ಟೈರ್ 20 ಮಿ.ಮೀ. ಅಗಲವಾದರೆ, ರಿಮ್ಮಿನ ಆಫ್‌ಸೆಟ್ (ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ಸರಿದು ಕೂರುತ್ತದೆ ಅನ್ನುವ ಅಳತೆ) ಮೊದಲಿನಷ್ಟೇ ಇದ್ದಲ್ಲಿ, ಸುಮಾರು 10 ಮಿ.ಮೀ. ಒಳಗಡೆಗೆ ಬೆಳೆಯುತ್ತದೆ. ಅಲ್ಲಿ ಸಸ್ಪೆನ್ಷನ್ನಿನ ಸ್ಟ್ರಟ್ ಇದೆ, ಬ್ರೇಕ್ ಎಣ್ಣೆ ಹರಿಯುವ ಕೊಳವೆ (ಬ್ರೇಕ್ ಹೋಸ್) ಇದೆ, ಎಬಿಎಸ್ ಸೆನ್ಸರಿನ ತಂತಿ ಇದೆ. ಮೊದಲೇ ಕಿರಿದಾಗಿದ್ದ ಸಂದಿಗೆ ಕಬ್ಬಿಣದ ಸರಪಳಿ ತೂರಿಸಿದರೆ ಪ್ರತಿ ಸುತ್ತಿಗೂ ಉಜ್ಜುತ್ತದೆ. ಹಾಗೆ ತರಚಿದ ಬ್ರೇಕ್ ಹೋಸ್ ನಾನು ಕಣ್ಣಾರೆ ನೋಡಿದ್ದೇನೆ. ಹಿಮದ ಇಳಿಜಾರಿನಲ್ಲಿ ಬ್ರೇಕ್ ಎಣ್ಣೆ ಸೋರಿದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಚೈನ್ ಕೊಳ್ಳುವ ಮೊದಲು ಒಳಗಿನ ಜಾಗ ಅಳೆಯಿರಿ. ಡ್ರೈವ್ ಚಕ್ರ, ಅಂದರೆ ಎಂಜಿನ್ ತಿರುಗಿಸುವ ಚಕ್ರ, ಮುಂದಿದ್ದರೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಅಳೆಯಿರಿ, ಆಮೇಲೆ ಇನ್ನೊಂದು ಕಡೆ. ಅಮೆರಿಕದಲ್ಲಿ ಇದಕ್ಕೆ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ದರ್ಜೆಗಳಿವೆ. ಸಂದಿ ಕಿರಿದಾದ ಕಾರುಗಳಿಗೆ 'ಕ್ಲಾಸ್ ಎಸ್'. ಅದಕ್ಕೂ ಟೈರಿನ ರಸ್ತೆಗೆ ತಾಗುವ ಮೇಲ್ಮೈಯಿಂದ 37 ಮಿ.ಮೀ., ಪಕ್ಕದ ಗೋಡೆಯಿಂದ 15 ಮಿ.ಮೀ. ಜಾಗ ಬೇಕು. ನಿಮ್ಮ ಕಿರುಬೆರಳು ಒಳಗಡೆ ಸಲೀಸಾಗಿ ಹೋಗದಿದ್ದರೆ ಅಲ್ಲಿಗೆ ಮಾಮೂಲಿ ಚೈನ್ ಬೇಡ. ಕಾರಿನ ಕೈಪಿಡಿಯನ್ನೂ ತೆರೆಯಿರಿ. ಚೈನ್ ಯಾವ ಚಕ್ರಕ್ಕೆ, ಯಾವ ಸೈಜಿನ ಟೈರಿಗೆ ಹಾಕಬಹುದು ಅನ್ನುವುದು ಅಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ದೊಡ್ಡ ಸೈಜಿಗೆ ಹಾಕಲೇಬಾರದು ಎಂದು ಬರೆದಿರುತ್ತದೆ.

ಜಾಗ ಇಲ್ಲದವರಿಗೂ ದಾರಿ ಇದೆ. ಚೈನ್ ಬದಲು ಟೈರಿಗೆ ಹೊದಿಸುವ ಬಟ್ಟೆಯ ಹೊದಿಕೆ ತೆಳ್ಳಗಿರುತ್ತದೆ, ಮಡಿಸಿ ಚೀಲದಲ್ಲಿ ಇಡಬಹುದು. ಆದರೆ ಹಿಮ ಕರಗಿದ ಬರೀ ರಸ್ತೆಯಲ್ಲಿ ಬೇಗ ಹರಿದುಹೋಗುತ್ತದೆ. ಚಕ್ರದ ನಟ್ಟಿಗೆ ಹೊರಗಿನಿಂದಲೇ ಕಟ್ಟುವ ಕೋನಿಗ್ ಕೆ-ಸಮ್ಮಿಟ್ ತರಹದ್ದೂ ಸಿಗುತ್ತದೆ. ಟೈರಿನ ಒಳಬದಿಗೆ ಅದರ ಯಾವ ಭಾಗವೂ ಹೋಗುವುದಿಲ್ಲ. ಬೆಲೆ ಮಾತ್ರ ಮಾಮೂಲಿ ಚೈನಿಗಿಂತ ತುಂಬಾ ಜಾಸ್ತಿ. ನನ್ನನ್ನು ಕೇಳಿದರೆ, ವರ್ಷಕ್ಕೆ ಮೂರು ನಾಲ್ಕು ಸಲ ಬೆಟ್ಟ ಹತ್ತುವವರಿಗೆ ಚಳಿಗಾಲಕ್ಕೇ ಅಂತ ಚಿಕ್ಕ ರಿಮ್, ಕಿರಿದಾದ ಸ್ನೋ ಟೈರಿನ ಒಂದು ಸೆಟ್ ಇಟ್ಟುಕೊಳ್ಳುವುದೇ ಒಳ್ಳೆಯದು. ಬ್ರೇಕ್ ಕ್ಯಾಲಿಪರಿಗೆ ತಾಗದಷ್ಟು ದೊಡ್ಡ ರಿಮ್ ಆಗಿದ್ದರೆ ಸಾಕು.

"ನಮ್ದು ಆಲ್ ವೀಲ್ ಡ್ರೈವ್, ಚೈನ್ ಯಾಕೆ?" ಅನ್ನುವವರಿಗೆ ಒಂದು ಮಾತು. ಟಾಹೋ ದಾರಿಯ ಡಾನರ್ ಸಮ್ಮಿಟ್ ಘಟ್ಟದ ಕಡೆ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಆರ್-2 ಫಲಕ (ಚೈನ್ ಕಡ್ಡಾಯ ಎಂಬ ಸೂಚನೆ) ಹಾಕಿದಾಗ ನಿಮಗೆ ವಿನಾಯಿತಿ ಸಿಗುವುದು ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇದ್ದರೆ ಮಾತ್ರ. ಟೈರಿನ ಮೇಲೆ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ನೋಡಿ. ದೊಡ್ಡ ರಿಮ್ಮಿನ ಜೊತೆ ಎಷ್ಟೋ ಸಲ ಬೇಸಿಗೆಯ ಟೈರ್ ಬರುತ್ತದೆ, ಅದರಲ್ಲಿ ಆ ಗುರುತು ಇರುವುದಿಲ್ಲ. ವಿನಾಯಿತಿ ಇದ್ದರೂ ಚೈನ್ ಗಾಡಿಯಲ್ಲಿ ಇರಲೇಬೇಕು. ರಸ್ತೆ ಬದಿಯಲ್ಲಿ ಪರವಾನಗಿಯ ಬಿಲ್ಲೆ ಹಾಕಿಕೊಂಡು ನಿಂತವರು ದುಡ್ಡು ಪಡೆದು ಚೈನ್ ಹಾಕಿಕೊಡುತ್ತಾರೆ. ಆದರೆ ಅವರು ಚೈನ್ ಮಾರುವ ಹಾಗಿಲ್ಲ, ಬಾಡಿಗೆಗೂ ಕೊಡುವ ಹಾಗಿಲ್ಲ. ಅಲ್ಲಿ ಹೋಗಿ ಸೈಜ್ ತಪ್ಪಿದೆ ಎಂದು ಗೊತ್ತಾದರೆ ವಾಪಸು ತಿರುಗಬೇಕು.

ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆ ಹಾಕಿ, ತೆಗೆದು ನೋಡಿ. ನಿಜವಾಗಿ ಹಾಕಿದ ದಿನ ಒಂದು ನೂರು ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ಗಂಟೆಗೆ 30 ಮೈಲಿ ದಾಟಬೇಡಿ.

ಆ ಗಂಡ ಹೆಂಡತಿಯ ಕಾರಿನಲ್ಲಿ ನನಗೆ ಸಿಕ್ಕಿದ ಸಂದಿ 9 ಮಿ.ಮೀ. ಅವತ್ತು ಚೈನ್ ಮಾರದೆ, ಹೋಗಬೇಡಿ ಎಂದೆ. ಹಿಂದಿನ ಸೀಟಿನಲ್ಲಿದ್ದ ಅವರ ಮಕ್ಕಳ ಮುಖ ನೋಡಿ ಬೇಜಾರಾಯಿತು. ಎರಡು ವಾರ ಬಿಟ್ಟು ಮತ್ತೆ ಬಂದರು. ಗ್ಯಾರೇಜಿನ ಮೂಲೆಯಲ್ಲಿದ್ದ ಹಳೆಯ 18 ಇಂಚಿನ ಚಕ್ರಗಳನ್ನೇ ಹಾಕಿಸಿಕೊಂಡಿದ್ದರು. ಹಳೆಯ ಚೈನ್ ಅಂಗಡಿಯ ಮುಂದೆಯೇ ಹಾಕಿ ನೋಡಿದೆವು. ಕೊಂಡಿ ಸೇರಿತು.