ಪುರಕ್ಕೆ ಬೇಕಿದ್ದದ್ದು ನೀರು

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅಂತ ಒಂದು ಹಳ್ಳಿ. 1977ರಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆ ಮನೆಗಳಲ್ಲಿ ಕೂತು ಒಂದು ಲೆಕ್ಕ ಬರೆದುಕೊಂಡರು. ಒಲೆಗೆ ಏನು ಹಾಕುತ್ತೀರಿ? ಸೌದೆ ಎಲ್ಲಿಂದ ತರುತ್ತೀರಿ? ನೀರಿಗೆ ಎಷ್ಟು ದೂರ ನಡೆಯುತ್ತೀರಿ?

ಊರು ಬಳಸುತ್ತಿದ್ದ ಶಕ್ತಿಯಲ್ಲಿ ಬಹುಪಾಲು ಸೌದೆಯದ್ದೇ ಎಂದು ಗೊತ್ತಾಯಿತು. ಅದೂ ಅಡುಗೆಗೆ, ಸ್ನಾನದ ನೀರು ಕಾಯಿಸುವುದಕ್ಕೆ. ಸೌದೆ ಆಯುವುದಕ್ಕೇ ಒಂದು ಮನೆಗೆ ದಿನಕ್ಕೆ ಸುಮಾರು ಎರಡೂವರೆ ಗಂಟೆ ಹೋಗುತ್ತಿತ್ತು. ಜನರ ಮೈದುಡಿಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರದ್ದು. ಅದರ ಮೇಲೆ ಮಕ್ಕಳ ಪಾಲು ಬೇರೆ. ಕರೆಂಟು, ಸೀಮೆಎಣ್ಣೆಯ ಪಾಲು ಚೂರುಪಾರು. ದೇಶದ ಇಂಧನದ ಮಾತೆಲ್ಲ ಅಣೆಕಟ್ಟು, ಕಲ್ಲಿದ್ದಲಿನ ಸುತ್ತ ನಡೆಯುತ್ತಿದ್ದ ಕಾಲ ಅದು. ಹೆಂಗಸರ ತಲೆಮೇಲಿನ ಸೌದೆ ಹೊರೆಯೂ ಇಂಧನದ ಪ್ರಶ್ನೆಯೇ ಎಂದು ಈ ಲೆಕ್ಕ ತೋರಿಸಿಕೊಟ್ಟಿತು.

ಇದರ ಹಿಂದಿದ್ದವರು ಎ.ಕೆ.ಎನ್. ರೆಡ್ಡಿ. ಓದಿದ್ದು ರಸಾಯನ ವಿಜ್ಞಾನ. 1974ರಲ್ಲಿ ಸಂಸ್ಥೆಯೊಳಗೆ ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ವಿಭಾಗ ಶುರುವಾಗಲು ಕಾರಣರಾದರು. ಪುರದ ಹತ್ತಿರದ ಉಂಗ್ರದಲ್ಲಿ ಅದರ ಕೇಂದ್ರವೂ ಬಂತು. ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ 'ಅಸ್ತ್ರ ಒಲೆ' ಈ ವಿಭಾಗದ್ದೇ. ನಿಮ್ಮ ಊರಿನ ಹಳೇ ಅಡುಗೆಮನೆಯಲ್ಲೂ ಒಂದನ್ನು ನೋಡಿರಬಹುದು, ಅಲ್ವಾ?

ಪುರದಲ್ಲಿ ಮೊದಲು ಹಾಕಿದ ಯೋಜನೆ ಸರಳವಾಗಿತ್ತು. ಊರಿನ ಸಗಣಿಯೆಲ್ಲ ಒಂದೇ ಕಡೆ ಸೇರಿಸುವುದು, ಬರುವ ಗೋಬರ್ ಗ್ಯಾಸನ್ನು ಮನೆಮನೆಗೆ ಅಡುಗೆಗೆ ಕೊಡುವುದು. ಅದು ಕೈಗೂಡಲಿಲ್ಲ. ಎಲ್ಲ ಮನೆಯ ಒಲೆಗೂ ಸಾಕಾಗುವಷ್ಟು ಸಗಣಿ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಊರಿನವರು ಬಯಸಿದ್ದು ಅದನ್ನಲ್ಲ. ಸೌದೆಗೆ ಕಷ್ಟಪಡಬೇಕಿತ್ತು, ಆದರೆ ಕಾಸು ಕೊಡಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಕುಡಿಯುವ ನೀರು. ಹೊರಗಿನಿಂದ ಬಂದವರು ಒಳ್ಳೆಯದನ್ನೇ ಯೋಚಿಸಿದ್ದರು, ನಿಜ. ಆದರೂ ಊರಿನ ಮಾತು ಕಿವಿಗೆ ಬೀಳುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

1987ರಲ್ಲಿ ಹೊಸದಾಗಿ ಶುರುವಾಯಿತು. ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಒಂದು ಸಣ್ಣ ಎಂಜಿನ್ ಓಡಿಸಿದರು. ಅದರಿಂದ ಬಂದ ಕರೆಂಟು ಬೋರ್‌ವೆಲ್‌ನ ನೀರೆತ್ತಿತು, ಬೀದಿಗೆ ನಲ್ಲಿ ಬಂತು. ಸಂಜೆ ಮನೆಗಳಲ್ಲಿ 20 ವ್ಯಾಟ್‌ನ ಟ್ಯೂಬ್‌ಲೈಟ್ ಉರಿಯಿತು. ಎಂಜಿನ್ ನೋಡಿಕೊಂಡವರು ಊರಿನ ಹುಡುಗರೇ.

ಬೆಳಗ್ಗೆ ಸಗಣಿ ತಂದವರಿಗೆ ತೂಕ ಹಾಕಿ ಕಿಲೋಗೆ 2 ಪೈಸೆ ಕೊಡುತ್ತಿದ್ದರು. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡವನ್ನು ಮರಳಿನ ಮೇಲೆ ಸೋಸಿ, ಅವರವರು ತಂದ ಲೆಕ್ಕಕ್ಕೆ ಗೊಬ್ಬರವಾಗಿ ವಾಪಸ್ ಕೊಡುತ್ತಿದ್ದರು. ತಿಪ್ಪೆಗೆ ಏನೂ ನಷ್ಟವಿಲ್ಲ, ಕೈಗೆ ನಾಲ್ಕು ಕಾಸು. ಇದನ್ನೆಲ್ಲ ನಡೆಸುತ್ತಿದ್ದದ್ದು ಊರಿನದೇ ಗ್ರಾಮ ವಿಕಾಸ ಸಭಾ. ಯಾರೋ ಸಗಣಿ ತರಲಿಲ್ಲ, ಯಾರೋ ದುಡ್ಡು ಕಟ್ಟಲಿಲ್ಲ ಅಂದರೆ ನಲ್ಲಿ ನಿಲ್ಲುತ್ತದೆ, ಕತ್ತಲಾಗುತ್ತದೆ. ಅದೂ ಕೂಡಲೇ, ಎಲ್ಲರಿಗೂ. ಹಾಗಾಗಿ ಜನ ತಾವಾಗಿಯೇ ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದರು. ಎಲ್ಲರ ಆಸ್ತಿ ಕೊನೆಗೆ ಹಾಳಾಗಿಯೇ ತೀರುತ್ತದೆ ಎಂಬ ಹೆಸರಾಂತ ವಾದಕ್ಕೆ ರೆಡ್ಡಿ ಪುರವನ್ನೇ ಉತ್ತರವಾಗಿ ತೋರಿಸಿದರು. ಆ ಉತ್ತರ ನನಗೆ ಇವತ್ತಿಗೂ ಗಟ್ಟಿಯಾಗಿ ಕಾಣುತ್ತದೆ.

1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಅಲ್ಲಿ ಬಳಸಿದ್ದು ಕಟ್ಟಿಗೆಯಿಂದ ಗ್ಯಾಸ್ ತೆಗೆಯುವ ಯಂತ್ರ. ಕಟ್ಟಿಗೆಗಾಗಿ ಮರ ಬೆಳೆಸಿದರು. ದೀಪ, ನೀರು, ಹಿಟ್ಟಿನ ಗಿರಣಿ ಎಲ್ಲಕ್ಕೂ ಅದರಿಂದಲೇ ಕರೆಂಟು. ಹತ್ತು ವರ್ಷಕ್ಕೂ ಮೀರಿ ನಡೆಯಿತು.

ಆದರೆ ಪುರದ ವ್ಯವಸ್ಥೆ ಕೊನೆಯವರೆಗೂ ಉಳಿಯಲಿಲ್ಲ. ದುಡ್ಡು ಕಟ್ಟಿ ಊರೇ ನಡೆಸುವ ದೀಪಕ್ಕೆ, ಸರ್ಕಾರದ ಪುಕ್ಕಟೆ ಕರೆಂಟಿನ ಪಕ್ಕದಲ್ಲಿ ಬದುಕುವುದು ಬಹಳ ಕಷ್ಟ. ಬಡವರಿಗೆ ಕರೆಂಟು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಕ್ಕಟೆಗೆ ಇಡುವ ಹಣದಲ್ಲಿ ಒಂದು ಪಾಲು ಇಂಥ ಊರುಗಳ ಸಭೆಗಳಿಗೆ ಹೋಗಿದ್ದರೆ ಎಷ್ಟೋ ಎಂಜಿನ್‌ಗಳು ಸುಮ್ನೆ ತುಕ್ಕು ಹಿಡಿಯುತ್ತಿರಲಿಲ್ಲ.

ಅದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಈಗ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಸುಮಾರು 13,000 ಎಕರೆ. ಜಮೀನು ಕಿತ್ತುಕೊಳ್ಳದೆ ಬಾಡಿಗೆಗೆ ಪಡೆದದ್ದು ಒಳ್ಳೆಯ ಹೆಜ್ಜೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಜಮೀನಿನ ಒಡೆಯರಿಗೆ ಸಿಗುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿಲ್ಲ, ಹಳೇ ಕೂಲಿಯೂ ಇಲ್ಲ. ಪುರದಲ್ಲಿ ದನ ಇಲ್ಲದ ಮನೆಯವರೂ ಅದೇ ಬೀದಿ ನಲ್ಲಿಯಲ್ಲಿ ಕೊಡ ತುಂಬಿಸಿಕೊಳ್ಳುತ್ತಿದ್ದರು.